ಬಾಡಿಗೆ ಮಳೆ

ದುಬೈನ ರಾಸ್ ಅಲ್ ಖೋರ್‌ನಲ್ಲಿರುವ ಆ ಮಣ್ಣು ಪರೀಕ್ಷೆಯ ಲ್ಯಾಬಿಗೆ ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಮಣ್ಣು ಗಟ್ಟಿಯಿದೆಯೇ, ಕಟ್ಟಡ ನಿಲ್ಲುತ್ತದೆಯೇ? ಜನವರಿಯ ಒಂದು ಬೆಳಿಗ್ಗೆ ಎರಡು ಕೈಯಲ್ಲಿ ಎರಡು ಬಕೆಟ್ ಕೆಸರು ಹಿಡಿದು ಬಂದ ಲೆಸ್ಟರ್ ಮಾತ್ರ ಬೇರೆಯೇ ಪ್ರಶ್ನೆ ಕೇಳಿದ.

"ಇದರಲ್ಲಿ ಯಾವುದರ ಮೇಲೆ ಡ್ಯಾನ್ಸ್ ಮಾಡಬಹುದು?" ಎಂದ, ಇಂಗ್ಲಿಷಿನಲ್ಲಿ.

ಕೌಂಟರಿನ ಆಚೆಯ ಇಂಜಿನಿಯರ್ ತಲೆ ಎತ್ತಿದಳು. ಬ್ಯಾಡ್ಜಿನಲ್ಲಿ ನೀಲಾಂಬಿಕಾ ಎಂದಿತ್ತು. ಅವಳು ಬಕೆಟ್ ನೋಡಿದಳು, ಅವನನ್ನು ನೋಡಿದಳು, ಮತ್ತೆ ಬಕೆಟ್ ನೋಡಿದಳು. ಪರೀಕ್ಷೆ ಬೇಕಾಗಿರುವುದು ಇಬ್ಬರಲ್ಲಿ ಯಾರಿಗೆ ಎಂದು ತೀರ್ಮಾನಿಸುತ್ತಿದ್ದಳೋ ಏನೋ.

"ಮರ್ಯಾದೆ ಹೋಯ್ತು," ಎಂದು ಲೆಸ್ಟರ್ ಕನ್ನಡದಲ್ಲಿ ಗೊಣಗಿಕೊಂಡ.

"ಇನ್ನೂ ಪೂರ್ತಿ ಹೋಗಿಲ್ಲ. ಕೂತ್ಕೊಳ್ಳಿ," ಎಂದಳು ಅವಳು, ಕನ್ನಡದಲ್ಲೇ. ಹೇಳಿದ ಮೇಲೆ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಮೂವತ್ತೆಂಟು ವರ್ಷದ ಲೆಸ್ಟರ್ ಕುರ್ಚಿ ಎಲ್ಲಿದೆ ಎಂದು ನೋಡದೆ ಕೂರಲು ಹೋಗಿ ಸ್ವಲ್ಪದರಲ್ಲೇ ಬೀಳುವುದನ್ನು ತಪ್ಪಿಸಿಕೊಂಡ.

ಕೆಸರು ಯಾಕೆ ಎಂದು ಅವನು ವಿವರಿಸಿದ. 1969ರಲ್ಲಿ ಅಮೆರಿಕದ ಒಂದು ಹಾಲಿನ ಫಾರ್ಮಿನಲ್ಲಿ ವುಡ್‌ಸ್ಟಾಕ್ ಎಂಬ ಸಂಗೀತೋತ್ಸವ ನಡೆದಿತ್ತು. ಯುದ್ಧ ಬೇಡ, ಪ್ರೀತಿ ಸಾಕು ಎನ್ನುವ ಹುಡುಗ ಹುಡುಗಿಯರು ಲಕ್ಷಗಟ್ಟಲೆ ಸೇರಿದ್ದರು. ಬೇಲಿ ಮುರಿದುಬಿತ್ತು, ಟಿಕೆಟ್ ಕೇಳುವವರಿಲ್ಲದೆ ಹೋಯಿತು, ಮಳೆ ಸುರಿಯಿತು, ಹೊಲವೆಲ್ಲ ಕೆಸರಾಯಿತು. ಆ ಕೆಸರಿನಲ್ಲಿ ಜಾರಿ ಕುಣಿದವರ ನೆನಪಿಗಾಗಿ ಈಗ ಫೆಬ್ರವರಿಯಲ್ಲಿ ಅಬುಧಾಬಿಯ ಹೊರಗೆ ಒಂದು ಉತ್ಸವ. ಈ ಸಲ ಬೇಲಿ ಭದ್ರ, ಕೈಗೆ ಬಾರ್‌ಕೋಡ್ ಪಟ್ಟಿ, ಕೆಸರಿನ ಹತ್ತಿರ ನಿಲ್ಲುವವರಿಗೆ ಟಿಕೆಟ್ ದುಬಾರಿ.

"ಕೆಸರಿಗೆ ಟಿಕೆಟ್ಟಾ?" ಎಂದಳು ನೀಲಾಂಬಿಕಾ.

"ಹೌದು. ನಮ್ಮ ಊರಲ್ಲಿ ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ಆಟ ಇಡ್ತಾರೆ, ಅದಕ್ಕೆ ಊಟವೂ ಫ್ರೀ. ಇಲ್ಲಿ ಎಂತ ಮಾಡುದು, ಮರಳಿಗೆ ನೀರು ಹಾಕಿದ್ರೆ ಕುಡಿದು ಸುಮ್ಮನೆ ಕೂತ್ಕೊಳ್ತದೆ."

ಅವಳು ಕೆಸರನ್ನು ಹಿತ್ತಾಳೆಯ ಪುಟ್ಟ ಬಟ್ಟಲಿಗೆ ಹಾಕಿ, ನಡುವೆ ಒಂದು ಗೆರೆ ಎಳೆದು, ಹಿಡಿಕೆ ತಿರುಗಿಸಿದಳು. ಬಟ್ಟಲು ಟಕಟಕ ಕುಟ್ಟಿಕೊಂಡಿತು. ಎಷ್ಟು ಕುಟ್ಟಿದಾಗ ಎರಡು ಹೋಳು ಹತ್ತಿರ ಬಂದು ಕೂಡುತ್ತವೆ ಎಂದು ನೋಡುವುದು ಪರೀಕ್ಷೆ. ಲೆಸ್ಟರ್ ಬಟ್ಟಲನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಮಣ್ಣಿತ್ತು, ಬಳೆಗೆ ಮಣ್ಣು ತಾಗಿತ್ತು, ಅದನ್ನು ಅಡಗಿಸುವ ಯೋಚನೆಯೇ ಅವಳಿಗೆ ಇದ್ದಂತಿರಲಿಲ್ಲ.

"ನೋಡಬೇಕಾಗಿರೋದು ಬಟ್ಟಲನ್ನ," ಎಂದಳು, ತಲೆ ಎತ್ತದೆ.

ಅಷ್ಟರಲ್ಲಿ ಅವಳಿಗೆ ಫೋನು ಬಂತು. "ಹೂಂ ಬೇ ಅವ್ವಾ, ಉಂಡೇನಿ. ಇಲ್ಲಿ ಯಾರೋ ರಾಡಿ ತಂದಾರ, ನೋಡಾಕತ್ತೇನಿ. ಆಮ್ಯಾಲೆ ಮಾತಾಡ್ತೀನಿ." ಇಟ್ಟ ಮೇಲೆ, ಇಸ್ತ್ರಿ ಮಾಡಿದ ಕನ್ನಡದಿಂದ ಜಾರಿ ಗದಗಿನ ಮಾತಾಡಿದ್ದಕ್ಕೆ ಅವಳ ಕಿವಿ ಕೆಂಪಾಯಿತು. ಆ ಕೆಂಪು ಕಿವಿಯನ್ನು ನೋಡಿದ ಕ್ಷಣದಿಂದ ಲೆಸ್ಟರಿನ ಮನಸ್ಸು ಕೈತಪ್ಪಿಹೋಯಿತು ಎಂದೇ ಹೇಳಬೇಕು.

ಉಳಿದ ಮಣ್ಣು ನೋಡಲು ಅವಳು ಅವನ ಪಿಕಪ್ಪಿನವರೆಗೆ ಬಂದಳು. ಸೀಟಿನ ಮೇಲೆ ಗಿಟಾರ್ ಇತ್ತು.

"ಓ, ನೀವು ಬಾರಿಸ್ತೀರಾ? ಆ ದಿನ ಸ್ಟೇಜ್ ಮೇಲೆ?"

ಲೆಸ್ಟರಿನ ಜೇಬಿನಲ್ಲಿ ಕಂಪನಿಯ ಕಾರ್ಡಿತ್ತು. ಅದರಲ್ಲಿ ಹೆಸರಿನ ಕೆಳಗೆ 'ವೆದರ್ ಎಫೆಕ್ಟ್ಸ್' ಎಂದಿತ್ತು. ಅಂದರೆ ಮದುವೆಗಳಿಗೆ ಹೊಗೆ, ಮಾಲ್‌ಗಳಿಗೆ ಹಿಮ, ಈ ಉತ್ಸವಕ್ಕೆ ಮಳೆ ಮತ್ತು ಕೆಸರು. ಕಾರ್ಡು ತೆಗೆದು ಕೊಟ್ಟಿದ್ದರೆ ಮುಗಿಯುತ್ತಿತ್ತು.

"ಹೌದು," ಎಂದ ಲೆಸ್ಟರ್. "ನಮ್ಮದೊಂದು ಬ್ಯಾಂಡ್ ಉಂಟು."

*

ಬ್ಯಾಂಡ್ ಇದ್ದದ್ದು ನಿಜ. ಅವನು ಮಂಗಳೂರಿನಿಂದ ಬಂದದ್ದೇ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ ಬುಫೆ ಉಣ್ಣುವವರಿಗೆ ಗಿಟಾರ್ ಬಾರಿಸಲು. ಉಣ್ಣುವವರು ಚಪ್ಪಾಳೆ ತಟ್ಟುವುದು ಕಡಿಮೆ, ಆದರೂ ಅವನಿಗೆ ಬೇಸರವಿರಲಿಲ್ಲ. ಒಂದು ದಿನ ಹೋಟೆಲಿನವರು ಬ್ಯಾಂಡ್ ತೆಗೆದು ಸ್ಪೀಕರ್ ಇಟ್ಟರು. ಆ ಸ್ಪೀಕರನ್ನು ಲಾರಿಯಿಂದ ಇಳಿಸಲು ಕೈ ಕೊಟ್ಟವನೂ ಲೆಸ್ಟರೇ. ಆ ವಿಷಯವನ್ನು ಅವನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮನ ಲೆಕ್ಕದಲ್ಲಿ ಮಗ ಇನ್ನೂ ಹೋಟೆಲಿನಲ್ಲಿ ಗಿಟಾರ್ ಬಾರಿಸುತ್ತಿದ್ದ.

ವುಡ್‌ಸ್ಟಾಕಿನ ಹುಚ್ಚು ಅವನಿಗೆ ಹತ್ತಿಸಿದ್ದು ಚಿಕ್ಕಪ್ಪ ಆಸ್ವಾಲ್ಡ್. ಹಡಗಿನ ಕೆಲಸದಲ್ಲಿದ್ದ ಆಸ್ವಾಲ್ಡ್ ಆ ಉತ್ಸವದ ಸುದ್ದಿಯನ್ನು ಹಳೆಯ ಮ್ಯಾಗಜೀನಿನಲ್ಲಿ ಓದಿ, ಭುಜದವರೆಗೆ ಕೂದಲು ಬಿಟ್ಟು ಊರಿಗೆ ಬಂದಿದ್ದ. ಫಾದರ್ ಅವನನ್ನು ಚರ್ಚಿನ ಹಿಂದಿನ ಬೆಂಚಿಗೆ ಕಳಿಸಿದರು. ಅವನು ಕೂದಲು ಕತ್ತರಿಸಲಿಲ್ಲ. ಜನ ಏನನ್ನುತ್ತಾರೆ ಎಂದು ಕೇಳಿದರೆ, ನಾಚಿಕೆ ಇರುವವನಿಗೆ ಸಂಗೀತ ಬರುವುದಿಲ್ಲ ಎನ್ನುತ್ತಿದ್ದ. ಅಂಥವನ ಅಣ್ಣನ ಮಗ ಈಗ ಒಂದು ಕಾರ್ಡಿಗೆ ನಾಚಿಕೊಂಡು ಓಡಾಡುತ್ತಿದ್ದ.

ಕೆಸರು ಹದಕ್ಕೆ ಬರಲು ವಾರಗಳೇ ಹಿಡಿದವು. ಮರಳಿಗೆ ಜೇಡಿ ಬೆರೆಸಬೇಕು, ಹೆಚ್ಚಾದರೆ ಕಾಲು ಹೂತುಹೋಗುತ್ತದೆ, ಕಡಿಮೆಯಾದರೆ ಚರ್ಮ ತರಚುತ್ತದೆ. ಲೆಸ್ಟರ್ ಪ್ರತಿ ಸಲ ಹೊಸ ಬಕೆಟ್ ತಂದ. ಕೆಲವು ಬಕೆಟ್ಟುಗಳನ್ನು ತರುವ ಅಗತ್ಯವೇ ಇರಲಿಲ್ಲ. ನೀಲಾಂಬಿಕೆಗೂ ಅದು ಗೊತ್ತಿತ್ತು, ಆದರೂ ಅವಳು ಬಟ್ಟಲು ಕುಟ್ಟಿದಳು. ಆಮೇಲೆ ಇಬ್ಬರೂ ಪಕ್ಕದ ಕೆಫೆಟೇರಿಯಾದಲ್ಲಿ ಪೇಪರ್ ಕಪ್ಪಿನ ಕರಕ್ ಚಹಾ ಹಿಡಿದು, ಗ್ಯಾರೇಜುಗಳ ಸದ್ದಿನ ನಡುವೆ ನಿಂತು ಮಾತಾಡುತ್ತಿದ್ದರು.

"ನಿಮಗೆ ಕೆಸರು ಇಷ್ಟವಾ?" ಎಂದು ಲೆಸ್ಟರ್ ಕೇಳಿದ.

"ನಮ್ಮದು ಎರೆಮಣ್ಣಿನ ಊರ್ರಿ. ಮಳೆ ಬಂದರೆ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು. ಹಿಡಿದುಕೊಂಡರೆ ಬಿಡೋದಿಲ್ಲ."

"ಮಣ್ಣಾ, ಊರಿನವರಾ?"

"ಇಬ್ಬರೂ," ಎಂದು ಅವಳು ಕಪ್ಪಿನ ಅಂಚಿನ ಮೇಲಿಂದ ಅವನನ್ನು ನೋಡಿದಳು. ನೋಟ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಲೆಸ್ಟರ್ ತನ್ನ ಚಹಾ ಆರಿಹೋಗಿದೆ ಎಂದು ತಿಳಿಯದೆ ಊದಿ ಊದಿ ಕುಡಿದ.

ಒಳ್ಳೆಯದು ಇಷ್ಟಿತ್ತು. ಕೆಟ್ಟದ್ದು ಏನೆಂದರೆ, ಸುಳ್ಳು ತಾನಾಗಿ ಬೆಳೆಯುತ್ತಿತ್ತು. ಅವಳು ರಿಹರ್ಸಲ್ ಹೇಗಾಯಿತು ಎಂದು ಕೇಳುತ್ತಿದ್ದಳು, ಅವನು ಚೆನ್ನಾಗಾಯಿತು ಎನ್ನುತ್ತಿದ್ದ. ಯಾವ ಹೊತ್ತಿಗೆ ನಿಮ್ಮ ಸರದಿ ಎಂದರೆ, ಸಂಜೆಯ ಹೊತ್ತಿಗೆ ಎನ್ನುತ್ತಿದ್ದ. ಪ್ರತಿ ಉತ್ತರದ ನಂತರ ಪಿಕಪ್ಪಿನಲ್ಲಿ ಕುಳಿತು ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡು, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ನಾಳೆ ಬಂದಾಗ ಅವಳು ನಗುತ್ತಿದ್ದಳು, ಆ ನಗು ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿಕೆಯಾಗುತ್ತಿತ್ತು.

ಉತ್ಸವದ ಹಿಂದಿನ ವಾರ ಅವನು ಗಟ್ಟಿ ಮನಸ್ಸು ಮಾಡಿಕೊಂಡು ಡಿಸ್ಕವರಿ ಗಾರ್ಡನ್ಸಿಗೆ, ಅವಳ ಬಿಲ್ಡಿಂಗಿನ ಕೆಳಗೆ ಹೋದ. ಅವಳು ರೂಮ್‌ಮೇಟ್ ಡೊರೊತಿಯೊಂದಿಗೆ ಇಳಿದು ಬಂದಳು. ಡೊರೊತಿ ಮಂಗಳೂರಿನವಳು. ಗಲ್ಫಿನಲ್ಲಿ ಇಬ್ಬರು ಮಂಗಳೂರು ಕ್ರಿಶ್ಚಿಯನ್ನರು ಎದುರಾದರೆ ಮೂರನೆಯ ಪ್ರಶ್ನೆಗೆ ಜಾತಕವೆಲ್ಲ ಹೊರಗೆ ಬರುತ್ತದೆ.

"ಯಾವ ಪ್ಯಾರಿಷ್ ನಿಮ್ಮದು? ಮಮ್ಮಿ ಎಂತ ಮಾಡ್ತಾರೆ? ಬ್ಯಾಂಡಿನ ಹೆಸರೆಂತ?" ಎಂದು ಡೊರೊತಿ ಶುರುಮಾಡಿದಳು.

ಲೆಸ್ಟರ್ ಎರಡಕ್ಕೆ ಉತ್ತರ ಕೊಟ್ಟು ಮೂರನೆಯದಕ್ಕೆ ಕೆಮ್ಮಿದ.

"ನೀಲಾ, ನಿಮ್ಮಲ್ಲಿ ಒಂದು ವಿಷಯ ಹೇಳಲಿಕ್ಕುಂಟು. ಆ ದಿನ ನೀವು ಬರುದು ಬೇಡ. ತುಂಬಾ ರಶ್ ಇರ್ತದೆ."

"ಟಿಕೆಟ್ ಆಗಲೇ ತಗೊಂಡೆ," ಎಂದಳು ಅವಳು. "ಇಬ್ಬರಿಗೂ. ಸ್ಟೇಜಿನ ಮುಂದೇನೇ, ಕೆಸರಿನ ಹತ್ತಿರ. ಅವ್ವನಿಗೂ ಹೇಳಿದ್ದೇನೆ, ಗಿಟಾರ್ ಬಾರಿಸೋರು ಒಬ್ಬರಿದ್ದಾರೆ ಅಂತ." ಕೊನೆಯ ಮಾತನ್ನು ಅವಳು ಚಪ್ಪಲಿ ನೋಡಿಕೊಂಡು ಹೇಳಿದಳು. ಕಿವಿ ಮತ್ತೆ ಕೆಂಪಾಗಿತ್ತು.

ಹುಡುಗಿಯೊಬ್ಬಳು ಅವ್ವನಿಗೆ ಹೇಳಿದ್ದೇನೆ ಎಂದರೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ದಿನವಾಗಿದ್ದರೆ ಲೆಸ್ಟರ್ ಆ ಮಾತಿಗೆ ಆ ಗಾರ್ಡನ್ಸಿನ ಸುತ್ತ ಓಡುತ್ತಿದ್ದ. ಈಗ ಅವನು, "ಹೌದಾ, ಒಳ್ಳೇದು," ಎಂದು ಹೇಳಿ ಬಂದುಬಿಟ್ಟ.

*

ಉತ್ಸವದ ದಿನ ಮಧ್ಯಾಹ್ನದಿಂದಲೇ ಜನ ಬಂದರು. ತಲೆಗೆ ಪ್ಲಾಸ್ಟಿಕ್ ಹೂವು, ಕಣ್ಣಿಗೆ ದುಂಡು ಕನ್ನಡಕ, ಬೇಕೆಂದೇ ಹರಿದು ಮಾರಿದ ಪ್ಯಾಂಟು. ಬ್ಯಾಂಕಿನ ಮ್ಯಾನೇಜರುಗಳು ವಿಗ್ ಹಾಕಿಕೊಂಡು ಎರಡು ಬೆರಳು ಎತ್ತಿ ಶಾಂತಿ ಶಾಂತಿ ಎನ್ನುತ್ತಿದ್ದರು.

ಲೆಸ್ಟರ್ ಇದ್ದದ್ದು ಮೈದಾನದ ಪಕ್ಕದ ಕಬ್ಬಿಣದ ಅಟ್ಟಣಿಗೆಯ ಮೇಲೆ, ಹಸಿರು ಜಾಕೆಟ್ಟು ಮತ್ತು ಹೆಲ್ಮೆಟ್ಟಿನಲ್ಲಿ. ಎದುರಿಗೆ ನಾಲ್ಕು ವಾಲ್ವುಗಳು. ಜನರ ತಲೆಯ ಮೇಲೆ ಎತ್ತರದಲ್ಲಿ ನಾಲ್ಕು ಸಾಲು ಪೈಪು. ವಾಕಿಟಾಕಿಯಲ್ಲಿ ಮ್ಯಾನೇಜರ್ ಫರ್ಝಾನ ಹೇಳಿದಾಗ ಮಳೆ, ಸಾಕು ಎಂದಾಗ ಬಿಸಿಲು.

ನೀಲಾಂಬಿಕೆಯನ್ನು ಅವನು ಮೇಲಿನಿಂದ ಕೂಡಲೇ ಗುರುತಿಸಿದ. ಎಲ್ಲರೂ ಸಿಕ್ಕಿದ್ದನ್ನು ತೊಟ್ಟುಕೊಂಡಿದ್ದ ಆ ಗುಂಪಿನಲ್ಲಿ ಅವಳೊಬ್ಬಳು ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು, ನಿಜವಾದ ಮಲ್ಲಿಗೆ ಮುಡಿದು, ಎರಡನೆಯ ಸಾಲಿನ ಪೈಪಿನ ಕೆಳಗೆ ನಿಂತಿದ್ದಳು. ಪಕ್ಕದಲ್ಲಿ ಡೊರೊತಿ. ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತಿದಾಗೆಲ್ಲ ನೀಲಾಂಬಿಕಾ ತುದಿಗಾಲಲ್ಲಿ ನಿಂತು ಪ್ರತಿಯೊಬ್ಬ ಗಿಟಾರಿನವನ ಮುಖವನ್ನೂ ಹುಡುಕುತ್ತಿದ್ದಳು. ಅವನಲ್ಲ ಎಂದಾದ ಮೇಲೆ ಹಿಮ್ಮಡಿ ಇಳಿಸಿ, ಸೆರಗು ಸರಿಪಡಿಸಿಕೊಂಡು, ಮುಂದಿನ ಬ್ಯಾಂಡಿಗೆ ಕಾಯುತ್ತಿದ್ದಳು.

ಅದನ್ನು ನೋಡುವುದಕ್ಕಿಂತ ಅಲ್ಲಿಂದ ಕೆಳಗೆ ಹಾರುವುದು ಸುಲಭವಿತ್ತು. ಫೋನಿನಲ್ಲಿ ಅವಳ ಮೆಸೇಜು ಬಂತು: 'ಈಗ ನಿಮ್ಮದೇನಾ?' ಅವನು ಉತ್ತರ ಬರೆದು ಅಳಿಸಿದ. ಮತ್ತೆ ಬರೆದು ಮತ್ತೆ ಅಳಿಸಿದ.

"ಲೆಸ್ಟರ್, ರೆಡಿ? ರೈನ್, ಗೋ," ಎಂದಳು ಫರ್ಝಾನ.

ಕೆಳಗೆ ಸಾವಿರಾರು ಜನ ಆಕಾಶದ ಕಡೆ ಕೈ ಚಾಚಿ ಕೂಗುತ್ತಿದ್ದರು. ಲೆಸ್ಟರ್ ಮೊದಲನೆಯ ವಾಲ್ವು ತಿರುಗಿಸಿದ, ಮೂರನೆಯದು ತಿರುಗಿಸಿದ, ನಾಲ್ಕನೆಯದು ತಿರುಗಿಸಿದ. ಎರಡನೆಯದರ ಮೇಲೆ ಕೈ ಇಟ್ಟವನು ತೆಗೆದುಬಿಟ್ಟ. ಅವಳು ಅಷ್ಟು ಚಂದ ಮಾಡಿಕೊಂಡು ಬಂದಿದ್ದಾಳೆ, ತಾನು ಸ್ಟೇಜಿನ ಮೇಲಂತೂ ಇಲ್ಲ, ಸೀರೆಯನ್ನಾದರೂ ಉಳಿಸಿ ಕೊಡೋಣ ಎಂದು ಅವನ ಯೋಚನೆ.

ಮೈದಾನವೆಲ್ಲ ಮಳೆಯಾಯಿತು. ಎರಡನೆಯ ಸಾಲಿನ ಕೆಳಗೆ ಒಂದು ಹನಿ ಬೀಳಲಿಲ್ಲ. ಅಲ್ಲಿದ್ದವರು ಮೊದಲು ಮೇಲೆ ನೋಡಿದರು, ಆಮೇಲೆ ಬೈದರು, ಆಮೇಲೆ ಮಳೆಯಿದ್ದ ಕಡೆಗೆ ಓಡಿದರು. ಡೊರೊತಿಯೂ ಜಾರಿ ಅತ್ತ ಸೇರಿದಳು. ಕ್ಷಣದಲ್ಲಿ ಆ ಜಾಗ ಖಾಲಿಯಾಗಿ, ಸುತ್ತ ಒದ್ದೆಯಾಗಿ ಕುಣಿಯುವವರ ನಡುವೆ ನೀಲಾಂಬಿಕಾ ಒಬ್ಬಳೇ ಒಣಗಿ ನಿಂತಳು. ವಿಗ್ಗಿನ ಗಂಡಸೊಬ್ಬ ಅವಳನ್ನು ತೋರಿಸಿ ನಕ್ಕ, ಅವನ ಗೆಳೆಯರು ಫೋನೆತ್ತಿ ಫೋಟೋ ಹೊಡೆದರು.

ಅವಳು ಪೈಪನ್ನು ನೋಡಿದಳು. ಪೈಪು ಎಲ್ಲಿಂದ ಬರುತ್ತದೆ ಎಂದು ಇಂಜಿನಿಯರಿನ ಕಣ್ಣು ತಾನಾಗಿ ಹಿಂಬಾಲಿಸಿ ಅಟ್ಟಣಿಗೆಯವರೆಗೆ ಬಂದು, ಹಸಿರು ಜಾಕೆಟ್ಟಿನ ಮೇಲೆ ನಿಂತಿತು. ಲೆಸ್ಟರ್ ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕೆಂದು ಅನ್ನಿಸಿತು, ಕತ್ತು ಕೇಳಲಿಲ್ಲ.

"ರೋ ಟೂ, ಲೆಸ್ಟರ್. ಏನಾಗಿದೆ ರೋ ಟೂಗೆ?" ಎಂದು ವಾಕಿಟಾಕಿ ಅರಚಿತು.

ಅದೇ ಹೊತ್ತಿಗೆ ಫೋನು ಬಂತು. ಕೆಳಗೆ ಅವಳು ಕಿವಿಗೆ ಫೋನು ಹಿಡಿದು ಅವನನ್ನೇ ನೋಡುತ್ತಿದ್ದಳು.

"ಮಳಿ ಬಿಡ್ರಿ," ಎಂದಳು.

"ನಿಮ್ಮ ಸೀರೆ ಹಾಳಾಗ್ತದೆ."

"ಮಂದಿ ನಗಾಕತ್ತಾರ, ಲೆಸ್ಟರ್. ಬಿಡ್ರಿ."

ಅವನು ವಾಲ್ವು ತಿರುಗಿಸಿದ. ನೀರು ಒಮ್ಮೆಗೇ ಅವಳ ಮೇಲೆ ಬಿತ್ತು. ಅವಳು ಕುಣಿಯಲಿಲ್ಲ, ನಗಲಿಲ್ಲ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಮುಖ ಮೇಲಕ್ಕೆ ಮಾಡಿ ನಿಂತಳು. ಮಲ್ಲಿಗೆ ಜಾರಿ ಕೆಸರಿಗೆ ಬಿತ್ತು. ಓಡಿಹೋದವರು ತಿರುಗಿ ಬಂದು ಅವಳನ್ನು ಮರೆಮಾಡಿದರು, ಆಮೇಲೆ ಎಷ್ಟು ಹುಡುಕಿದರೂ ಅವನಿಗೆ ಕೆಂಪು ಸೆರಗು ಕಾಣಿಸಲಿಲ್ಲ.

*

ಸೂರ್ಯ ಮುಳುಗಿ ಮಗ್ರಿಬಿನ ಆಜಾನ್ ಕೂಗುವ ಹೊತ್ತಿಗೆ ಸಂಗೀತ ನಿಂತಿತು, ಮಳೆಯೂ ನಿಂತಿತು. ಲೆಸ್ಟರ್ ಕೆಳಗಿಳಿದ. ಹೋಗಿರುತ್ತಾಳೆ, ಹೋಗುವುದೇ ಸರಿ ಎಂದುಕೊಂಡು ನೀರಿನ ಟ್ಯಾಂಕರಿನ ಹಿಂದೆ ಬಂದರೆ, ಅವಳು ಅಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಸೊಂಟದವರೆಗೆ ಕೆಸರು. ಕೂದಲಿನಿಂದ ನೀರು ಇಳಿಯುತ್ತಿತ್ತು.

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬ್ಯಾಂಡ್ ಇಲ್ಲ," ಎಂದ. "ಮೊದಲು ಇತ್ತು, ಈಗ ಇಲ್ಲ. ನಾನು ಮಳೆ ಬಿಡುವವ."

"ನೋಡಿದೆ."

"ಹೇಳಲಿಕ್ಕೆ ನಾಚಿಕೆಯಾಯ್ತು."

"ನಾಚಿಕಿ ನಿಮಗಾತಾ?" ಎಂದಳು ಅವಳು. ಇಸ್ತ್ರಿ ಮಾಡಿದ ಕನ್ನಡವೆಲ್ಲ ನೀರಿನೊಂದಿಗೆ ಹೋಗಿತ್ತು. "ನಿಮ್ಮ ಮಾರಿ ಕಾಣ್ತದೇನಂತ ಮಧ್ಯಾಹ್ನದಿಂದ ತುದಿಗಾಲಾಗ ನಿಂತೀನಿ ನಾ. ಆಫೀಸಿನವರಿಗೆಲ್ಲ ಹೇಳೇನಿ. ಅವ್ವಗ ಹೇಳೇನಿ. ಕಡೀಕ ಊರ ಮಂದಿಗೆಲ್ಲ ಮಳಿ, ನನಗೊಬ್ಬಾಕಿಗೆ ಇಲ್ಲ. ಮದಿವ್ಯಾಗ ಕರದು ಊಟಕ್ಕ ಏಳಸದ ಬಿಟ್ಟವರ ಗತೆ ನಿಂತಿದ್ದೆ."

"ಸೀರೆ ಉಳಿಸುವ ಅಂತ."

"ಸೀರಿ ಉಳಸ್ರಿ ಅಂತ ಯಾರು ಕೇಳಿದ್ರು? ಆ ಕೆಸರು ಹದಾ ಮಾಡಿದಾಕಿ ನಾನು. ಅದರಾಗ ಇಳೀಬೇಕಂತ ಬಂದಾಕಿ. ಒಂದು ಮಾತು ಕೇಳಲಿಲ್ಲ ನೀವು. ನನಗ ಗಿಟಾರಿನವ ಬೇಕಂತ ನೀವ ತಿಳಕೊಂಡ್ರಿ, ನನಗ ಒಣಗಿದ ಸೀರಿ ಬೇಕಂತ ನೀವ ತಿಳಕೊಂಡ್ರಿ."

ಲೆಸ್ಟರಿಗೆ ತಾನು ಇಷ್ಟು ದಿನ ನಾಚಿಕೊಂಡದ್ದು ತಪ್ಪು ವಿಷಯಕ್ಕೆ ಎಂದು ಆಗ ಹೊಳೆಯಿತು. ಹೆಲ್ಮೆಟ್ಟಿಗೆ, ಜಾಕೆಟ್ಟಿಗೆ ನಾಚಿಕೊಂಡಿದ್ದ. ನಾಚಬೇಕಾಗಿದ್ದದ್ದು ಇವಳನ್ನು ಅಷ್ಟು ಸಣ್ಣವಳೆಂದು ಎಣಿಸಿದ್ದಕ್ಕೆ. ಈ ಎರಡನೆಯ ನಾಚಿಕೆ ಮೊದಲನೆಯದಕ್ಕಿಂತ ಆಳಕ್ಕೆ ಇಳಿಯಿತು.

"ತಪ್ಪಾಯ್ತು ನೀಲಾ," ಎಂದ. "ನೀವಂದ್ರೆ ನಂಗೆ ತುಂಬಾ ಇಷ್ಟ. ಅದಕ್ಕೆ ಹೆದರಿದ್ದು. ಇಷ್ಟ ಇದ್ದವರಲ್ಲಿ ಸುಳ್ಳು ಹೇಳಬಾರದು ಅಂತ ಗೊತ್ತುಂಟು, ಆದ್ರೂ ಹೇಳಿದೆ. ಇನ್ನು ನೀವು ಮಾತಾಡದಿದ್ರೂ ನಂಗೆ ಎಂತ ಹೇಳ್ಲಿಕ್ಕೂ ಆಗುದಿಲ್ಲ."

ಅವಳು ಬೆರಳಿಗೆ ಹತ್ತಿದ ಕೆಸರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಆಮೇಲೆ ಬ್ಲೌಸಿನೊಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಫೋನು ತೆಗೆದು, ಬೋಟಿಮ್ ಆ್ಯಪ್ ತೆರೆದು ಊರಿಗೆ ವಿಡಿಯೋ ಕಾಲ್ ಹಚ್ಚಿದಳು.

"ಅವ್ವಗ ಗಿಟಾರ್ ಅಂತ ಹೇಳೇನಿ. ಆ ಸುಳ್ಳು ನಾ ಇಟಗೊಳ್ಳಂಗಿಲ್ಲ. ನೀವ ಹೇಳ್ರಿ."

"ಈಗಲಾ? ಹೀಗೆಯೇ?"

"ಹಿಂಗ."

ಪರದೆಯಲ್ಲಿ ದೊಡ್ಡ ಕುಂಕುಮದ ಮುಖವೊಂದು ತೀರ ಹತ್ತಿರ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಮಗಳ ಅವತಾರ ನೋಡಿ ಆ ಮುಖ ಗಾಬರಿಯಾಯಿತು. ನೀಲಾಂಬಿಕಾ ಏನೂ ಹೇಳದೆ ಫೋನನ್ನು ಲೆಸ್ಟರಿನ ಕಡೆ ತಿರುಗಿಸಿದಳು.

"ನಮಸ್ಕಾರ ಅಮ್ಮ. ನಾನು ಲೆಸ್ಟರ್." ಅವನು ಕೈಯಲ್ಲಿದ್ದ ಹೆಲ್ಮೆಟ್ಟನ್ನು ಪರದೆಗೆ ಕಾಣುವಂತೆ ಎತ್ತಿದ. "ನಿಮ್ಮ ಮಗಳಲ್ಲಿ ನಾನು ಸುಳ್ಳು ಹೇಳಿದ್ದು. ನಾನು ಗಿಟಾರಿನ ಕೆಲಸದಲ್ಲಿಲ್ಲ. ಪೈಪು ಹಾಕಿ ಮಳೆ ಬರ್ಸುದು ನನ್ನ ಕೆಲಸ. ಹೊಗೆ, ಹಿಮ, ಕೆಸರು, ಎಲ್ಲ ಮಾಡ್ತೇನೆ. ಬಾಡಿಗೆಗೆ."

ಅತ್ತ ಅವ್ವ ಕೈ ಚಾಚಿ ಕುಕ್ಕರಿನ ಒಲೆ ಆರಿಸಿದರು.

"ಗಿಟಾರಿನವರು ಅಂದಾಗಿಂದ ನನಗೂ ಅದ ಚಿಂತಿ ಆಗಿತ್ರಿ," ಎಂದರು ಅವ್ವ. "ಬಾರಸ್ಕೋತ ಕುಂತ್ರ ಮನಿ ನೋಡವರ್ಯಾರು ಅಂತ. ಸುಳ್ಳು ಹೇಳಿದ್ದಕ್ಕ ಆಕಿ ಬೈಲಿ, ಬೈಸ್ಕೋರಿ. ಕೆಲಸ ಏನೂ ಕೆಟ್ಟದ್ದಲ್ಲ." ಆಮೇಲೆ ಪರದೆಗೆ ಇನ್ನಷ್ಟು ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು, "ನಮ್ಮ ಕಡೆ ಯಾವಾಗ ಬರ್ತೀರಿ?"

ಲೆಸ್ಟರ್ ನೀಲಾಂಬಿಕೆಯ ಮುಖ ನೋಡಿದ. ಅವಳು ಇನ್ನೂ ನಕ್ಕಿರಲಿಲ್ಲ. ಕಣ್ಣಿನಲ್ಲಿ ಸಿಟ್ಟೂ ಇತ್ತು, ನೀರೂ ಇತ್ತು. ಫೋನಿಗೆ ಕಾಣದಂತೆ ಕೆಳಗಿನಿಂದ ಕೈ ಚಾಚಿ, ಕೆಸರಾದ ಬೆರಳುಗಳಿಂದ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಖರೇ ಹೇಳ್ರಿ," ಎಂದು ಪಿಸುಗುಟ್ಟಿದಳು.

"ರಜೆ ಸಿಕ್ಕಿದ ಕೂಡಲೇ ಅಮ್ಮ," ಎಂದ ಲೆಸ್ಟರ್. "ಮೊದಲು ನನ್ನ ಅಮ್ಮನಿಗೂ ಫೋನ್ ಮಾಡಿ ಈ ನಿಜ ಹೇಳಲಿಕ್ಕುಂಟು."